ಬದು ಎಷ್ಟು ಸರಿದಿದೆ?

ಬಾಗಿಲ ನೆತ್ತಿಯಲ್ಲಿ ಕೆಂಪು ದೀಪ ಉರಿಯುತ್ತಿದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆ. ಒಳಗಿನ ಎಂಆರ್‌ಐ ಯಂತ್ರದ ಅಯಸ್ಕಾಂತಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ. ಸೊನ್ನೆಗಿಂತ 269 ಡಿಗ್ರಿ ಕೆಳಗಿನ ದ್ರವ ಹೀಲಿಯಂನಲ್ಲಿ ಮುಳುಗಿರುವ ತಂತಿಸುರುಳಿಯಲ್ಲಿ ಕರೆಂಟು ಸುತ್ತುತ್ತಲೇ ಇರುತ್ತದೆ. ಅದರ ಬಲ 3 ಟೆಸ್ಲಾ, ಅಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 60,000 ಪಟ್ಟು. ಸೀರೆಗೆ ಸಿಕ್ಕಿಸಿದ ಒಂದು ಪಿನ್ನು ಆ ಕೋಣೆಯಲ್ಲಿ ರಭಸದಿಂದ ಹಾರಬಲ್ಲದು. ಅದಕ್ಕೇ ಹೊರಗಿನ ಬೆಂಚಿನ ಮೇಲೆ ಈಗ ತಪಾಸಣೆ ನಡೆಯುತ್ತಿದೆ.

"ಅಮ್ಮಾ, ಬಳೆ, ಓಲೆ, ಮೂಗುಬೊಟ್ಟು, ಕಾಲುಂಗುರ, ಎಲ್ಲಾ ತೆಗೀಬೇಕು. ತಲೇಲಿ ಕ್ಲಿಪ್ ಇದೆಯಾ? ಹಲ್ಲಿನ ಸೆಟ್ಟು?" ಟೆಕ್ನಿಷಿಯನ್ ಹುಡುಗಿ ಮಗಳ ಕಡೆ ತಿರುಗುತ್ತಾಳೆ. "ಎದೇಲಿ ಪೇಸ್‌ಮೇಕರ್ ಹಾಕ್ಸಿಲ್ಲ ತಾನೆ? ತಲೆಗೆ ಆಪರೇಷನ್ ಏನಾದ್ರೂ ಆಗಿತ್ತಾ?"

ತಾಯಿಗೆ ಅರವತ್ತೇಳು. ಶ್ರೀನಿವಾಸಪುರದ ಕಡೆಯವರು, ಮನೆಯಲ್ಲಿ ಮಾವಿನ ತೋಟ. (ಇವರು ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಇಂಥ ಬೆಂಚುಗಳ ಮೇಲೆ ಕೂರುವ ಅನೇಕರನ್ನು ಸೇರಿಸಿ ನಿಮ್ಮೆದುರು ಕೂರಿಸಿದ್ದೇನೆ.) ಎಲ್ಲವನ್ನೂ ಬಿಚ್ಚಿ ಕೊಟ್ಟವರು ತಾಳಿಗೆ ಬಂದಾಗ ಕೈ ಹಿಂದೆಗೆಯುತ್ತಾರೆ. ಮಗಳು ಅದಕ್ಕೆ ತಯಾರಾಗಿಯೇ ಬಂದಿದ್ದಾಳೆ. ಬ್ಯಾಗಿನಿಂದ ಅರಿಶಿನದ ಕೊಂಬು ಕಟ್ಟಿದ ದಾರ ತೆಗೆದು ಕೊರಳಿಗೆ ಹಾಕಿ, ಆಮೇಲೆ ತಾಳಿ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಹಾಕಿಕೊಳ್ಳುತ್ತಾಳೆ.

"ಇದು ಯಾವ ಆಸ್ಪತ್ರೆ?" ತಾಯಿ ಕೇಳುತ್ತಾರೆ. ಮಗಳು ಹೇಳುತ್ತಾಳೆ. ಕಾಲುಂಗುರ ಬಿಚ್ಚುವಷ್ಟರಲ್ಲಿ ಅದೇ ಪ್ರಶ್ನೆ ಮತ್ತೆ. ಮಗಳು ಅದೇ ದನಿಯಲ್ಲಿ ಅದೇ ಉತ್ತರ ಕೊಡುತ್ತಾಳೆ. ಅರವತ್ತಕ್ಕೆ ಅರಳು ಮರುಳು, ಇದಕ್ಕೆಲ್ಲ ಯಾಕೆ ದುಡ್ಡು ಸುರೀತೀಯ ಎಂದು ಊರಲ್ಲಿ ಹೇಳಿಸಿಕೊಂಡೇ ಅವಳು ಬಸ್ಸು ಹತ್ತಿದ್ದು.

"ಬೆಳಿಗ್ಗೆ ಏನಾದ್ರೂ ತಗೊಂಡ್ರಾ?" ಟೆಕ್ನಿಷಿಯನ್ ಕೇಳುತ್ತಾಳೆ.

"ಸೋಮವಾರ ಅಲ್ವಾ, ಒಪ್ಪತ್ತು. ನಿನ್ನೆ ರಾತ್ರಿಯಿಂದ ನೀರೂ ಮುಟ್ಟಿಲ್ಲ."

"ಅಯ್ಯೋ, ಈ ಸ್ಕ್ಯಾನಿಗೆ ಉಪವಾಸ ಬೇಡಮ್ಮ. ಎರಡು ಲೋಟ ನೀರು ಕುಡೀರಿ. ಸ್ವಲ್ಪ ಹೊತ್ತು ಕೂತ್ಕೊಂಡು ಹೋಗೋಣ."

ಇದು ಬರೀ ಉಪಚಾರದ ಮಾತಲ್ಲ. ಆರೋಗ್ಯವಂತರನ್ನು 16 ಗಂಟೆ ಏನೂ ಕುಡಿಯದೆ ಇರಿಸಿ ಸ್ಕ್ಯಾನ್ ಮಾಡಿದ ಅಧ್ಯಯನವೊಂದರಲ್ಲಿ ಮೆದುಳಿನ ಗಾತ್ರ ಶೇ. 0.5ಕ್ಕೂ ತುಸು ಹೆಚ್ಚೇ ಇಳಿದಿತ್ತು. ಆರೋಗ್ಯವಾಗಿರುವ ವೃದ್ಧರ ಮೆದುಳು ಒಂದಿಡೀ ವರ್ಷದಲ್ಲಿ ಕಳೆದುಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ. ಒಂದು ರಾತ್ರಿಯ ಬಾಯಾರಿಕೆ ಒಂದು ವರ್ಷದ ಮುಪ್ಪಿನ ಹಾಗೆ ಕಾಣಿಸಬಲ್ಲದು. ಅಳೆಯಬೇಕಾದದ್ದು ಇಷ್ಟು ಸಣ್ಣದಾದಾಗ ಒಂದು ಲೋಟ ನೀರೂ ಲೆಕ್ಕಕ್ಕೆ ಬರುತ್ತದೆ.

ಕೆಂಪು ದೀಪದ ಬಾಗಿಲು ತೆರೆಯುತ್ತದೆ. ಒಳಗೆ ಚಳಿ. ಮಂಚದ ಮೇಲೆ ಮಲಗಿಸಿ, ಕಿವಿಗೆ ಬೆಣೆ ತುರುಕಿ, ತಲೆಯ ಎರಡೂ ಬದಿಗೆ ಸ್ಪಂಜು ಒತ್ತಿ, ಮುಖದ ಮೇಲೆ ಸಂಕೇತ ಹಿಡಿಯುವ ಕಾಯಿಲ್ ಮುಚ್ಚುತ್ತಾರೆ. ಕೈಗೊಂದು ರಬ್ಬರ್ ಬುಗ್ಗೆ: ಭಯವಾದರೆ ಒತ್ತಿ. "ಅಲ್ಲಾಡಬೇಡಿ ಅಮ್ಮಾ." ಅಲ್ಲಾಡಬೇಡಿ ಎಂದು ಹೇಳಿದ್ದನ್ನೇ ಐದು ನಿಮಿಷದಲ್ಲಿ ಮರೆಯುವವರನ್ನು ಅರ್ಧ ಗಂಟೆ ಅಲುಗದೆ ಮಲಗಿಸಬೇಕು, ಈ ಕೋಣೆಯ ನಿಜವಾದ ಕಷ್ಟ ಇದು. ತಲೆ ಒಂದೆರಡು ಮಿಲಿಮೀಟರ್ ಅಲುಗಿದರೂ ಚಿತ್ರ ಮಸುಕಾಗುತ್ತದೆ. ಮಸುಕಾದ ಚಿತ್ರವನ್ನು ಕಂಪ್ಯೂಟರ್ ಅಳೆದರೆ ಮೆದುಳಿನ ತೊಗಟೆ ಇರುವುದಕ್ಕಿಂತ ತೆಳುವಾಗಿ ಲೆಕ್ಕಕ್ಕೆ ಬರುತ್ತದೆ. ಚಡಪಡಿಕೆಯೇ ರೋಗವಾಗಿ ದಾಖಲಾಗುವ ಅಪಾಯ. ಹಾಗಾಗಿ ಟೆಕ್ನಿಷಿಯನ್ ಮಗಳನ್ನೂ ತಪಾಸಣೆ ಮಾಡಿ, ಕಿವಿಗೆ ಬೆಣೆ ಕೊಟ್ಟು ಒಳಗೆ ಬಿಡುತ್ತಾಳೆ. ಮಗಳು ಮಂಚದ ತುದಿಯಲ್ಲಿ ನಿಂತು ತಾಯಿಯ ಪಾದದ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ.

ನೀವು ಗಾಜಿನ ಈಚೆ ಬನ್ನಿ. ಸದ್ದು ಶುರುವಾಗಿದೆ: ಟಕ ಟಕ ಟಕ, ಆಮೇಲೆ ಉದ್ದನೆಯ ಗರ್ಜನೆ. ಒಂದೊಂದು ಸುತ್ತು ಮುಗಿದಾಗಲೂ ಟೆಕ್ನಿಷಿಯನ್ ಮೈಕಿನ ಗುಂಡಿ ಒತ್ತಿ ಹೊಸದಾಗಿ ಹೇಳುವಂತೆ ಹೇಳುತ್ತಾಳೆ: "ಚೆನ್ನಾಗಿ ಮಲಗಿದೀರಮ್ಮಾ. ಮಗಳು ಇಲ್ಲೇ ಇದ್ದಾಳೆ. ಇನ್ನೊಂದು ಐದು ನಿಮಿಷ." ಒಳಗಿನಿಂದ ತೆಲುಗಿನಲ್ಲಿ ಏನೋ ಗೊಣಗಿದ್ದು ಕೇಳುತ್ತದೆ. ಮಗಳು ಕನ್ನಡದಲ್ಲಿ ಸಮಾಧಾನ ಮಾಡುತ್ತಾಳೆ. ಆ ಸೀಮೆಯ ಮನೆಗಳಲ್ಲಿ ಎರಡೂ ನುಡಿ ಹೀಗೆ ಒಂದರೊಳಗೊಂದು ಓಡಾಡುತ್ತವೆ. ಅದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪರದೆಯ ಮೇಲೆ ಚಿತ್ರ ಮೂಡುತ್ತದೆ. ಅಯಸ್ಕಾಂತ ತಾಯಿಯ ತಲೆಯೊಳಗಿನ ನೀರು, ಕೊಬ್ಬಿನಲ್ಲಿರುವ ಹೈಡ್ರೋಜನ್ ಕಣಗಳನ್ನು ಒಂದು ದಿಕ್ಕಿಗೆ ಸಾಲುಗೂಡಿಸಿದೆ. ರೇಡಿಯೋ ಅಲೆ ಅವನ್ನು ತಟ್ಟಿ ಓರೆಯಾಗಿಸುತ್ತದೆ, ಅವು ಮತ್ತೆ ನೆಟ್ಟಗಾಗುತ್ತವೆ. ಯಾವ ಜಾಗದಲ್ಲಿ ಎಷ್ಟು ಬೇಗ ನೆಟ್ಟಗಾದವು ಎನ್ನುವುದೇ ಈ ಚಿತ್ರ. ನರತಂತುಗಳ ಕೊಬ್ಬಿನ ಹೊದಿಕೆ ಇರುವಲ್ಲಿ ಬಿಳಿ, ನರಕೋಶಗಳಿರುವ ತೊಗಟೆ ಬೂದು, ಮೆದುಳಿನ ಸುತ್ತಲಿನ ದ್ರವ ಕಪ್ಪು. ಚಿತ್ರದ ಒಂದೊಂದು ಕಣವೂ ಒಂದು ಘನ ಮಿಲಿಮೀಟರ್.

ಓದುಕೋಣೆ ಕತ್ತಲಾಗಿದೆ. ಹಿರಿಯ ರೇಡಿಯಾಲಜಿಸ್ಟ್ ಎರಡು ಮಾನಿಟರ್ ಮುಂದೆ ಕೂತಿದ್ದಾರೆ. ಪಕ್ಕದಲ್ಲಿ ಪಿ.ಜಿ. ಹುಡುಗ. ನಿಮಗೆ ಹಿಂದೆ ಒಂದು ಸ್ಟೂಲು.

"ಮೊದಲು ಏನು ನೋಡ್ತೀಯ?"

"ಹಿಪ್ಪೊಕ್ಯಾಂಪಸ್, ಮೇಡಂ."

"ಅಲ್ಲ. ವಾಸಿ ಮಾಡಬಹುದಾದ್ದು ಏನಾದ್ರೂ ಇದೆಯಾ, ಮೊದಲು ಅದು."

ಬಚ್ಚಲಲ್ಲಿ ಜಾರಿ ಬಿದ್ದು ಬುರುಡೆಯ ಒಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡವರು ಮರೆವಿನ ರೋಗಿಯಂತೆಯೇ ಕಾಣುತ್ತಾರೆ. ಗಡ್ಡೆ ಇರಬಹುದು. ಮೆದುಳಿನೊಳಗಿನ ಕುಳಿಗಳಲ್ಲಿ ದ್ರವ ತುಂಬಿ, ನಡಿಗೆ ತಪ್ಪಿ, ಮೂತ್ರ ತಡೆಯಲಾಗದೆ, ಜೊತೆಗೆ ಮಂಕು ಕವಿದವರೂ ಇರುತ್ತಾರೆ. ಅಂಥವರಲ್ಲಿ ಅನೇಕರು ಆಪರೇಷನ್ನಿನಿಂದ ಚೇತರಿಸಿಕೊಳ್ಳಬಲ್ಲರು. ಹುಡುಗ ಮೌಸ್ ಉರುಳಿಸುತ್ತಾ ಮೆದುಳನ್ನು ಮೇಲಿನಿಂದ ಕೆಳಗೆ ಹಾದುಹೋಗುತ್ತಾನೆ. ಅಂಥದ್ದೇನೂ ಇಲ್ಲ. ಅಲ್ಲಲ್ಲಿ ಸಣ್ಣ ರಕ್ತನಾಳಗಳ ಸವೆತದ ಬಿಳಿ ಚುಕ್ಕೆ, ಬಿ.ಪಿ. ಇರುವವರಲ್ಲಿ ಕಾಣುವಂಥದ್ದು.

"ಈಗ ಕೊರೋನಲ್ ತೆಗಿ."

ಕಿವಿಯಿಂದ ಕಿವಿಗೆ ಕೊಯ್ದಂಥ ನೋಟ. ಕಿವಿಯ ನೇರಕ್ಕೆ ಒಳಗೆ, ಎಡಬಲಕ್ಕೆ ಒಂದೊಂದು ಸುರುಳಿ: ಹುಡುಗ ಹೇಳಿದ ಹಿಪ್ಪೊಕ್ಯಾಂಪಸ್ ಇದೇ. ವಯಸ್ಕರಲ್ಲಿ ಒಂದೊಂದರ ಗಾತ್ರ ಸುಮಾರು 3ರಿಂದ 4 ಮಿಲಿಲೀಟರ್, ಟೀ ಚಮಚ ತುಂಬದಷ್ಟು. ಇವತ್ತು ಬೆಳಿಗ್ಗೆ ತಿಂಡಿ ಏನು ತಿಂದಿರಿ, ಇಲ್ಲಿಗೆ ಹೇಗೆ ಬಂದಿರಿ ಎನ್ನುವ ಹೊಸ ನೆನಪು ನಿಲ್ಲಬೇಕಾದರೆ ಈ ಚಮಚದೊಳಗಿನ ಅಂಗಾಂಶ ಬೇಕು. ತಾಯಿಯದ್ದು ಚಪ್ಪಟೆಯಾಗಿದೆ. ಪಕ್ಕದ ದ್ರವದ ಸೀಳು ಅಗಲವಾಗಿ ಕಪ್ಪಾಗಿದೆ.

1992ರಲ್ಲಿ ನೆದರ್‌ಲ್ಯಾಂಡ್ಸ್‌ನ ಫಿಲಿಪ್ ಶೆಲ್ಟೆನ್ಸ್ ಮತ್ತು ಸಂಗಡಿಗರು ಇದಕ್ಕೊಂದು ಕಣ್ಣಂದಾಜಿನ ಅಳತೆ ಕೊಟ್ಟರು, 0ಯಿಂದ 4ರವರೆಗೆ. ಸೀಳು ಎಷ್ಟು ಅಗಲ, ಪಕ್ಕದ ಕುಳಿ ಎಷ್ಟು ಹಿಗ್ಗಿದೆ, ಸುರುಳಿ ಎಷ್ಟು ತಗ್ಗಿದೆ. ಇಂದಿಗೂ ಜಗತ್ತಿನ ಓದುಕೋಣೆಗಳಲ್ಲಿ ಇದೇ ನಡೆಯುತ್ತದೆ.

"ಎಡಗಡೆ 3, ಬಲಗಡೆ 2," ಹುಡುಗ ಹೇಳುತ್ತಾನೆ.

"ವಯಸ್ಸು?"

"ಅರವತ್ತೇಳು."

"ಹಾಗಾದ್ರೆ ಎರಡೂ ಲೆಕ್ಕಕ್ಕೆ ಬಂತು. ಎಂಬತ್ತಾಗಿದ್ರೆ 2 ಅಂದ್ರೆ ವಯಸ್ಸಿಗೆ ತಕ್ಕದ್ದು ಅಂತಿದ್ವಿ."

ಮಗಳು ತಂದ ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ರಿಪೋರ್ಟೊಂದಿದೆ. ಎರಡು ವರ್ಷದ ಹಿಂದೆ ತಲೆಸುತ್ತು ಬಂದಾಗ ಬೇರೊಂದು ಕಡೆ ಮಾಡಿಸಿದ್ದು. ಕೊನೆಯ ಸಾಲು: ವಯೋಸಹಜ ಮೆದುಳು ಕುಗ್ಗುವಿಕೆ. ಎಷ್ಟು ಕುಗ್ಗಿದೆ, ಎಲ್ಲಿ ಕುಗ್ಗಿದೆ ಎಂಬ ಮಾತೇ ಇಲ್ಲ. ಈ ಒಂದು ಸಾಲಿನಿಂದ ಎಷ್ಟು ಮನೆಗಳು ಸಮಾಧಾನ ಪಟ್ಟುಕೊಂಡು ವಾಪಸು ಹೋಗಿ, ವರ್ಷಗಳನ್ನು ಕಳೆದುಕೊಂಡಿವೆಯೋ! ಮೆದುಳು ಎಲ್ಲರಲ್ಲೂ ಕುಗ್ಗುತ್ತದೆ, ನಿಜ. ಆದರೆ ಎಲ್ಲಿಂದ ಶುರುವಾಗಿ ಎತ್ತ ಹರಡುತ್ತದೆ ಎನ್ನುವುದರಲ್ಲಿ ರೋಗದ ಗುರುತಿದೆ. ಅದನ್ನು ಬರೆಯದ ರಿಪೋರ್ಟು ಅರ್ಧ ರಿಪೋರ್ಟು.

ಹಿರಿಯರು ಪಾಠಕ್ಕೆಂದು ಹೆಸರು ಅಳಿಸಿ ಇಟ್ಟಿರುವ ಕಡತ ತೆರೆಯುತ್ತಾರೆ. ನೀವು ಸ್ಟೂಲನ್ನು ಮುಂದಕ್ಕೆ ಎಳೆದುಕೊಳ್ಳಿ.

ಮೊದಲ ಚಿತ್ರದಲ್ಲಿ ಹಿಪ್ಪೊಕ್ಯಾಂಪಸ್ ತಕ್ಕಮಟ್ಟಿಗೆ ತುಂಬಿಕೊಂಡೇ ಇದೆ. ಆದರೆ ಎಡ ಕಪೋಲದ ಹಾಲೆಯ (ಟೆಂಪೊರಲ್ ಲೋಬ್) ಮುಂದಿನ ತುದಿ ಬಹುಪಾಲು ಇಲ್ಲವಾಗಿದೆ. ಉಳಿದ ಮಡಿಕೆಗಳು ಕತ್ತಿಯ ಅಂಚಿನಷ್ಟು ತೆಳು. ಇಂಥವರು ನಿನ್ನೆ ನಡೆದದ್ದನ್ನು ಹೇಳಬಲ್ಲರು, ದಾರಿ ತಪ್ಪುವುದಿಲ್ಲ. ಆದರೆ ಒಂದು ದಿನ ಅಡುಗೆಮನೆಯಲ್ಲಿ ನಿಂತು ಸೌಟು ಅಂದರೇನು ಎಂದು ಕೇಳುತ್ತಾರೆ. ಹೆಸರು ನಾಲಿಗೆಗೆ ಬರಲಿಲ್ಲ ಎಂದಲ್ಲ, ಸೌಟು ಎಂಬ ವಸ್ತುವಿನ ಅರ್ಥವೇ ಹೊರಟುಹೋಗಿರುತ್ತದೆ. 1892ರಲ್ಲಿ ಪ್ರಾಗ್‌ನಲ್ಲಿ ಆರ್ನಾಲ್ಡ್ ಪಿಕ್ ಮಾತು ಕಳೆದುಕೊಂಡ ಒಬ್ಬ ರೋಗಿಯನ್ನು ವಿವರಿಸಿದ್ದ. ಸತ್ತ ಮೇಲೆ ನೋಡಿದಾಗ ಮೆದುಳು ಎಲ್ಲೆಡೆ ಸಮನಾಗಿ ಸವೆದಿರಲಿಲ್ಲ, ಎಡ ಕಪೋಲದ ಹಾಲೆಯಲ್ಲಿ ಹೆಚ್ಚು ಸವೆದಿತ್ತು. ಮುಪ್ಪೆಂದರೆ ಇಡೀ ಮೆದುಳಿನ ಬಾಡುವಿಕೆ ಎಂಬ ನಂಬಿಕೆಗೆ ಅಂದೇ ಪೆಟ್ಟು ಬಿದ್ದಿತ್ತು. ಆದರೆ ಅವನು ಸಾವಿನ ತನಕ ಕಾಯಬೇಕಿತ್ತು. ಈ ಕಡತದಲ್ಲಿರುವವರೆಲ್ಲ ಸ್ಕ್ಯಾನ್ ಮುಗಿಸಿಕೊಂಡು ಎದ್ದು ಮನೆಗೆ ಹೋದವರು.

ಎರಡನೆಯದರಲ್ಲಿ ಹಣೆಯ ಹಿಂದಿನ ಭಾಗ ಕುಗ್ಗಿದೆ, ಬಲಗಡೆ ಹೆಚ್ಚು. ಐವತ್ತೈದರ ಸುಮಾರಿನಲ್ಲಿ, ಜೀವನವಿಡೀ ಸಂಕೋಚದ ಮನುಷ್ಯನಾಗಿದ್ದವನು ಮದುವೆಮನೆಯಲ್ಲಿ ಪಕ್ಕದವರ ಎಲೆಯಿಂದ ಹೋಳಿಗೆ ಎತ್ತಿಕೊಳ್ಳುತ್ತಾನೆ, ಹೆಂಡತಿ ಅತ್ತರೆ ಸುಮ್ಮನೆ ನೋಡುತ್ತಾನೆ. ನೆನಪು ಗಟ್ಟಿಯಾಗಿಯೇ ಇರುತ್ತದೆ. ಮನೆಯವರು ಕೊಬ್ಬು ಎನ್ನುತ್ತಾರೆ, ಕೆಲವರು ಮಾಟ ಎನ್ನುತ್ತಾರೆ.

ಮೂರನೆಯದರಲ್ಲಿ ಸವೆತ ತಲೆಯ ಹಿಂಬದಿಯಲ್ಲಿ. ಇವರು ಕನ್ನಡಕದ ಅಂಗಡಿಗೆ ಮತ್ತೆ ಮತ್ತೆ ಹೋಗಿರುತ್ತಾರೆ. ಕಣ್ಣು ಸರಿ ಇರುತ್ತದೆ, ಕಂಡದ್ದನ್ನು ಜೋಡಿಸುವ ಮೆದುಳು ಸೋತಿರುತ್ತದೆ. ಸಾಲಿನಿಂದ ಸಾಲಿಗೆ ಓದಲಾಗುವುದಿಲ್ಲ, ಮೆಟ್ಟಿಲು ಎಲ್ಲಿದೆ ತಿಳಿಯುವುದಿಲ್ಲ. ಹೆಚ್ಚಿನವರಲ್ಲಿ ಇದು ಅಲ್ಝೈಮರ್ ರೋಗವೇ, ಸಾಮಾನ್ಯವಾಗಿ ಹಿಪ್ಪೊಕ್ಯಾಂಪಸ್ ಕಡೆಯಿಂದ ಬರುವ ಆ ರೋಗ ಇಲ್ಲಿ ಮನೆಯ ಬೇರೆ ಬಾಗಿಲಿನಿಂದ ಒಳಬಂದದ್ದು.

ಹುಡುಗ ತಾಯಿಯ ಚಿತ್ರಕ್ಕೆ ಮರಳುತ್ತಾನೆ. ಇಲ್ಲಿ ಸವೆದಿರುವುದು ಹಿಪ್ಪೊಕ್ಯಾಂಪಸ್, ಅದರ ಸುತ್ತಲಿನ ತೊಗಟೆ, ನೆತ್ತಿಯ ಹಿಂದಿನ ಪಾರ್ಶ್ವಭಾಗ. ಕೈಕಾಲು ಆಡಿಸುವ ಪಟ್ಟಿ ಮಾತ್ರ ದಪ್ಪನಾಗಿ ಉಳಿದಿದೆ. ಅಲ್ಝೈಮರ್ ಆ ಪಟ್ಟಿಯನ್ನು ಬಹುಕಾಲ ಮುಟ್ಟುವುದಿಲ್ಲ. ಹಾಗಾಗಿಯೇ ಇವರು ಬಿರಬಿರನೆ ನಡೆದು ಬಂದರು, ಕಾಲುಂಗುರವನ್ನು ತಾವೇ ಬಿಚ್ಚಿದರು, ಎಲ್ಲಿದ್ದೇವೆಂದು ಮಾತ್ರ ತಿಳಿಯಲಿಲ್ಲ.

ಕಣ್ಣಂದಾಜಿನ ಆಚೆ ಈಗ ಎಣಿಕೆ. ಮೊದಲೆಲ್ಲ ತರಬೇತಿ ಪಡೆದವರು ಒಂದೊಂದು ಹೋಳಿನ ಮೇಲೆ ಕೈಯಲ್ಲೇ ಗೆರೆ ಎಳೆದು ಹಿಪ್ಪೊಕ್ಯಾಂಪಸ್‌ನ ಗಾತ್ರ ಕೂಡುತ್ತಿದ್ದರು. ಆಮೇಲೆ ಬಾಸ್ಟನ್ನಿನ ಬ್ರೂಸ್ ಫಿಶ್ಲ್ ಮತ್ತು ಸಂಗಡಿಗರ ಫ್ರೀಸರ್ಫರ್ ಎಂಬ ತಂತ್ರಾಂಶ ಬಂತು. ಒಂದು ಮೆದುಳಿಗೆ ರಾತ್ರಿಯಿಡೀ ಓಡಬೇಕಿತ್ತು. ಈಗಿನ ಕೃತಕ ಬುದ್ಧಿಮತ್ತೆಯ ವಿಧಾನಗಳಿಗೆ ಕೆಲವೇ ನಿಮಿಷ ಸಾಕು. ನೋಡುತ್ತಿದ್ದಂತೆಯೇ ಬೂದು ಚಿತ್ರದ ಮೇಲೆ ಬಣ್ಣ ಹರಡುತ್ತದೆ, ಹಿಪ್ಪೊಕ್ಯಾಂಪಸ್‌ಗೆ ಹಳದಿ. ಬಾಲದ ಕಡೆ ಹಳದಿ ತುಸು ಹೊರಕ್ಕೆ ಚಾಚಿದ್ದನ್ನು ಹುಡುಗ ತಿದ್ದುತ್ತಾನೆ. ಎಡ 2.4, ಬಲ 2.7 ಮಿಲಿಲೀಟರ್.

ಚಿಕ್ಕ ತಲೆಯವರಿಗೆ ಚಿಕ್ಕ ಹಿಪ್ಪೊಕ್ಯಾಂಪಸ್ ಸಹಜವಲ್ಲವೇ? ಅದಕ್ಕೆ ಬುರುಡೆಯ ಒಳಗಾತ್ರವನ್ನೂ ಅಳೆದು ಸರಿದೂಗಿಸುತ್ತಾರೆ. ಮೆದುಳು ಕುಗ್ಗಿದರೂ ಬುರುಡೆ ಕುಗ್ಗುವುದಿಲ್ಲ. ಯೌವನದಲ್ಲಿ ಅಲ್ಲಿ ಎಷ್ಟು ತುಂಬಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಎಲ್ಲಕ್ಕಿಂತ ಒಳ್ಳೆಯ ಹೋಲಿಕೆಯೆಂದರೆ ಅವರದ್ದೇ ಹಳೆಯ ಮೆದುಳು. 1997ರಲ್ಲಿ ಲಂಡನ್ನಿನ ಪೀಟರ್ ಫ್ರೀಬರೋ ಮತ್ತು ನಿಕ್ ಫಾಕ್ಸ್ ತೋರಿಸಿದ ದಾರಿ ಇದು. ಜಮೀನಿನ ಸರ್ವೆ ಕಂಡವರಿಗೆ ಬೇಗ ಅರ್ಥವಾಗುತ್ತದೆ. ಹಳೆಯ ನಕ್ಷೆಯ ಮೇಲೆ ಹೊಸ ನಕ್ಷೆ ಕೂರಿಸಿ, ಬದು ಎಲ್ಲೆಲ್ಲಿ ಎಷ್ಟೆಷ್ಟು ಒಳಕ್ಕೆ ಸರಿದಿದೆ ಎಂದು ಉದ್ದಕ್ಕೂ ಅಳೆದು ಕೂಡಿದರೆ ಎಷ್ಟು ಗುಂಟೆ ಹೋಯಿತೆಂದು ತಿಳಿಯುತ್ತದೆ. ಹಾಗೆಯೇ ಒಬ್ಬರದೇ ಎರಡು ಸ್ಕ್ಯಾನುಗಳನ್ನು ಒಂದರ ಮೇಲೊಂದು ಕೂರಿಸಿ ಮೆದುಳಿಗೂ ದ್ರವಕ್ಕೂ ನಡುವಿನ ಅಂಚು ಸರಿದದ್ದನ್ನು ಕೂಡುತ್ತಾರೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2009ರ ಲೆಕ್ಕದಂತೆ ಆರೋಗ್ಯವಂತ ವೃದ್ಧರ ಹಿಪ್ಪೊಕ್ಯಾಂಪಸ್ ವರ್ಷಕ್ಕೆ ಸುಮಾರು ಶೇ. 1.4ರಷ್ಟು ಕುಗ್ಗುತ್ತದೆ, ಅಲ್ಝೈಮರ್ ಇರುವವರದ್ದು ಸುಮಾರು ಶೇ. 4.7ರಷ್ಟು.

"ಎರಡು ವರ್ಷದ ಹಿಂದಿನ ಸ್ಕ್ಯಾನ್ ಹಾಕಿ ನೋಡೋಣ್ವಾ ಮೇಡಂ?"

ಹಿರಿಯರು ಹಳೆಯ ಫಿಲ್ಮನ್ನು ಬೆಳಕಿಗೆ ಹಿಡಿಯುತ್ತಾರೆ. ಬೇರೆ ಮಷೀನು, 1.5 ಟೆಸ್ಲಾ, ಐದು ಮಿಲಿಮೀಟರ್ ದಪ್ಪದ ಹೋಳುಗಳು, ನಡುವೆ ಸಂದು. ಕಡತ ಇಲ್ಲ, ಫಿಲ್ಮು ಮಾತ್ರ. ಅಳೆಯಲು ಬರುವುದಿಲ್ಲ.

ಸ್ವಂತ ಹಳೆಯ ನಕ್ಷೆ ಇಲ್ಲದಿದ್ದರೆ ಓರಗೆಯವರ ಜೊತೆ ಹೋಲಿಸಬೇಕು. ಯಾರ ಓರಗೆ? ಜಗತ್ತಿನ ಪ್ರಯೋಗಾಲಯಗಳು ಹೆಚ್ಚು ಬಳಸಿರುವ ಮಾದರಿ ಮೆದುಳು ಕೆನಡಾದ ಮಾಂಟ್ರಿಯಲ್‌ನಲ್ಲಿ 152 ಯುವಜನರ ಸ್ಕ್ಯಾನುಗಳ ಸರಾಸರಿಯಿಂದ ಆದದ್ದು. ಹೈದರಾಬಾದಿನ ಐಐಐಟಿ 2019ರಲ್ಲಿ 100 ಭಾರತೀಯರ ಮೆದುಳಿನ ಮಾದರಿ ಮಾಡಿದಾಗ ನಮ್ಮವು ಉದ್ದ, ಅಗಲ, ಎತ್ತರಗಳಲ್ಲಿ ಪಾಶ್ಚಾತ್ಯ ಮಾದರಿಗಿಂತ ಚಿಕ್ಕವು ಎಂದು ಕಂಡಿತು. ಅವರೂ ಇಪ್ಪತ್ತರ ಹರೆಯದವರೇ. ಬೆಂಗಳೂರಿನ ನಿಮ್ಹಾನ್ಸ್ ತಂಡ 2020ರಲ್ಲಿ ಕೊಟ್ಟ ಮಾದರಿಗಳು 6ರಿಂದ 60 ವರ್ಷದವರೆಗಿನವು. ದೊಡ್ಡ ಕೆಲಸ. ಆದರೆ ಮರೆವಿನ ರೋಗ ಹೆಚ್ಚುವುದು ಅರವತ್ತರ ನಂತರ, ನಮಗೆ ಅಳತೆಗೋಲು ಬೇಕಾಗಿರುವುದೂ ಅಲ್ಲಿಯೇ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ ಭಾರತದ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ.

ಈ ಕೊರತೆ ತುಂಬಲು ಹೊರಟ ಕೆಲಸ ಇದೇ ತಾಯಿಯ ತಾಲ್ಲೂಕಿನಲ್ಲಿ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ಶ್ರೀನಿವಾಸಪುರದ ಹಳ್ಳಿಗಳ 45 ವರ್ಷ ದಾಟಿದ ಜನರನ್ನು 2018ರಿಂದ ಗಮನಿಸುತ್ತಾ ಬಂದಿದೆ. ಗುರಿ ಸುಮಾರು 10,000 ಮಂದಿ. ರಕ್ತ, ವಂಶವಾಹಿ, ನೆನಪಿನ ಪರೀಕ್ಷೆ, ಮೆದುಳಿನ ಎಂಆರ್‌ಐ, ಎಲ್ಲವೂ ವರ್ಷಗಳ ಉದ್ದಕ್ಕೆ. ಆರೋಗ್ಯವಾಗಿರುವಾಗಲೇ ಒಂದು ನಕ್ಷೆ ತೆಗೆದಿಡುವುದು ಇದರ ಹೆಚ್ಚುಗಾರಿಕೆ. ಮಾವಿನ ತೋಟದಲ್ಲಿ ದುಡಿದವರ, ಶಾಲೆಯ ಮೆಟ್ಟಿಲು ಹತ್ತದವರ, ಎರಡು ನುಡಿಯಾಡುವವರ ಮೆದುಳು ಮುಪ್ಪಿನಲ್ಲಿ ಹೇಗಿರುತ್ತದೆ ಎಂದು ಮಾಂಟ್ರಿಯಲ್ಲಿನ ಯುವಕರು ಹೇಳಲಾರರು. ನಮ್ಮ ಅಳತೆಗೋಲು ನಮ್ಮ ಜನರಿಂದಲೇ ಆಗಬೇಕು.

ಎರಡು ನುಡಿಯ ಮಾತು ಬಂತಲ್ಲ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಡಿಮೆನ್ಷಿಯಾ ರೋಗಿಗಳನ್ನು ಕುರಿತು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ನುಡಿಯಾಡುವವರಿಗೆ ರೋಗಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಅದಕ್ಕೆ ಹಿಂದಿನ ವರ್ಷ ಟೊರೊಂಟೊದಲ್ಲಿ ಮರೆವಿನ ಮಟ್ಟ ಒಂದೇ ಆಗಿದ್ದ ಅಲ್ಝೈಮರ್ ರೋಗಿಗಳ ಸಿ.ಟಿ. ಹೋಲಿಸಿದಾಗ, ಎರಡು ನುಡಿಯವರ ಕಪೋಲದ ಭಾಗ ಹೆಚ್ಚು ಸವೆದಿತ್ತು. ಹೆಚ್ಚು ಕಳೆದುಕೊಂಡೂ ಅವರು ಒಂದೇ ನುಡಿಯವರಷ್ಟೇ ನಿಭಾಯಿಸುತ್ತಿದ್ದರು. ಹಾಗಾದರೆ ತಾಯಿಯ 2.4 ಮಿಲಿಲೀಟರನ್ನು ಯಾವ ಕೋಷ್ಟಕದಲ್ಲಿ ಇಟ್ಟು ಓದುವುದು? ಹಿರಿಯರು ಅದಕ್ಕೇ ರಿಪೋರ್ಟಿನಲ್ಲಿ ಗಾತ್ರವನ್ನೂ, ಸವೆತದ ಜಾಗಗಳನ್ನೂ ಬರೆದು, ಕೊನೆಗೆ ಸೇರಿಸುತ್ತಾರೆ: ಅಲ್ಝೈಮರ್ ಮಾದರಿಗೆ ಹೊಂದುತ್ತದೆ, ನೆನಪಿನ ಪರೀಕ್ಷೆ ಮತ್ತು ದಿನಚರಿಯೊಂದಿಗೆ ಸೇರಿಸಿ ನಿರ್ಧರಿಸುವುದು.

ಮಧ್ಯಾಹ್ನ ನರರೋಗ ತಜ್ಞರ ಕೋಣೆ. ನೆನಪಿನ ಪರೀಕ್ಷೆ ಆಗಿದೆ, ಥೈರಾಯ್ಡ್, ಬಿ-12 ರಿಪೋರ್ಟು ಬಂದಿದೆ, ಎರಡೂ ಸರಿಯಿವೆ. ಡಾಕ್ಟರು ಚಿತ್ರವನ್ನು ತಿರುಗಿಸಿ ಮಗಳಿಗೆ ತೋರಿಸುತ್ತಾರೆ. "ಈ ಕಪ್ಪು ಜಾಗ ನೋಡಿ, ಇಲ್ಲಿ ಮೆದುಳು ಇರಬೇಕಿತ್ತು. ಇದು ವಯಸ್ಸಿನ ಮರೆವಲ್ಲ, ಕಾಯಿಲೆ. ಬೇಕೂಂತ ಮರೀತಿಲ್ಲ ಅವರು."

ಮಗಳು ಚಿತ್ರವನ್ನೇ ನೋಡುತ್ತಾಳೆ. "ನಂಗೂ ಬರುತ್ತಾ ಸರ್?"

"ಈ ವಯಸ್ಸಲ್ಲಿ ಶುರುವಾದದ್ದಕ್ಕೆ, ಅಮ್ಮಂಗೆ ಬಂತು ಅಂತ ಮಕ್ಕಳಿಗೆ ಬಂದೇ ಬರುತ್ತೆ ಅಂತಿಲ್ಲ. ನಿಮ್ಮ ಬಿ.ಪಿ., ಶುಗರ್ ಹತೋಟಿಯಲ್ಲಿ ಇಟ್ಕೊಳ್ಳಿ. ಮನೇಲಿ ಗ್ಯಾಸ್ ಯಾರು ಹಚ್ತಾರೆ?"

"ಅಮ್ಮಾನೇ."

"ಇನ್ಮೇಲೆ ಒಬ್ಬರನ್ನೇ ಒಲೆ ಹತ್ರ ಬಿಡಬೇಡಿ. ಅಡುಗೆ ಬಿಡಿಸ್ಬೇಡಿ, ಪಕ್ಕದಲ್ಲಿ ಇರಿ. ಬ್ಯಾಂಕು, ಪಹಣಿ ಕೆಲಸ ಏನಿದ್ರೂ ಈ ವರ್ಷಾನೇ ಮುಗಿಸ್ಕೊಳ್ಳಿ, ಅವರು ತಿಳಿದು ಸಹಿ ಹಾಕೋ ಹಾಗಿರುವಾಗಲೇ." ಚೀಟಿಯಲ್ಲಿ ಮಾತ್ರೆ ಬರೆದು, ಕೆಳಗೆ ಒಂದು ಸಾಲು ಸೇರಿಸುತ್ತಾರೆ: ಒಂದು ವರ್ಷದ ನಂತರ ಎಂಆರ್‌ಐ, ಇದೇ ಮಷೀನು, ಇದೇ ವಿಧಾನ. "ಉಪವಾಸ ಇದ್ದು ಬರಬೇಡಿ. ಇವತ್ತಿನ ಸ್ಕ್ಯಾನ್ ಜೋಪಾನ ಮಾಡಿ."

ಮಗಳು ಮೊಬೈಲು ತೆಗೆದು ಪರದೆಯ ಫೋಟೋ ಹೊಡೆಯಲು ಹೋಗುತ್ತಾಳೆ.

"ಫೋಟೋ ಪ್ರಯೋಜನ ಇಲ್ಲಮ್ಮ, ಅದನ್ನ ಅಳೆಯೋಕ್ಕಾಗಲ್ಲ. ಫಿಲ್ಮೂ ಅಷ್ಟೆ. ಕೌಂಟರಿನಲ್ಲಿ ಪೂರ್ತಿ ಕಡತ ಕೇಳಿ, ಸಿ.ಡಿ. ಕೊಡ್ತಾರೆ."

"ಸಿ.ಡಿ. ಹಾಕೋ ಕಂಪ್ಯೂಟರ್ ನಮ್ಮೂರಲ್ಲಿ ಯಾರ ಹತ್ರಾನೂ ಇಲ್ಲ ಸರ್."

"ಪೆನ್‌ಡ್ರೈವ್ ತಂದಿದೀರಾ? ಇಲ್ವಾ? ಗೇಟಿನ ಎದುರು ಜೆರಾಕ್ಸ್ ಅಂಗಡೀಲಿ ಸಿಗುತ್ತೆ. ತಗೊಂಡು ಐದು ಗಂಟೆ ಒಳಗೆ ಬಂದ್ರೆ ಹಾಕ್ಸಿ ಕೊಡ್ತೀನಿ."